ಅರ್ಧಕ್ಕೆ ನಿಲ್ಲಬೇಕಾದ ಮುಳ್ಳು

ನಮ್ಮ ಕಡೆ ಹಿಸ್ಸೆಯಾಗುವಾಗ ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಮೋಸಕ್ಕೆ ಇಬ್ಬರಿಗೂ ದಾರಿ ಇರಬಾರದೆಂದು ಹಿಂದಿನವರು ಯೋಚಿಸಿ ಮಾಡಿಟ್ಟ ಪದ್ಧತಿ ಅದು. ನನ್ನ ಅಣ್ಣ ಪಾಲು ಮಾಡಿದ, ನಾನು ಆರಿಸಿಕೊಂಡೆ, ಮೋಸ ಯಾರೂ ಮಾಡಲಿಲ್ಲ. ಆದರೂ ಜಗಳವಾಯಿತು. ಜಗಳಕ್ಕೆ ಮೋಸವೇ ಆಗಬೇಕೆಂದು ಎಲ್ಲಿದೆ? ಬಚ್ಚಲಿನ ತಾಮ್ರದ ಹಂಡೆಯಿಂದ ಶುರುವಾದದ್ದು ಅಪ್ಪ ಯಾರನ್ನು ಹೆಚ್ಚು ಓದಿಸಿದ ಎಂಬಲ್ಲಿಗೆ ಹೋಯಿತು, ಅಲ್ಲಿಂದ "ನಿನ್ನ ಮೋರೆ ನೋಡ್ತ್ನಿಲ್ಲೆ" ಎಂಬಲ್ಲಿಗೆ ಬಂದು ನಿಂತಿತು. ಆ ಮಾತನ್ನು ಆಡಿದ್ದು ಅವನೋ ನಾನೋ ಈಗ ನೆನಪಿಲ್ಲ. ಪಾಲಿಸಿದ್ದು ಮಾತ್ರ ಇಬ್ಬರೂ.

ಎಲ್ಲ ಹಂಚಿ ಮುಗಿದ ಮೇಲೆ ಅಪ್ಪನ ಕಾರು ಉಳಿಯಿತು. ದುಂಡು ಬೆನ್ನಿನ ಹಳೆಯ ಕಾರು. ಜಮೀನಿಗಾದರೆ ನಡುವೆ ಬೇಲಿ ಹಾಕಬಹುದು, ಕಾರಿಗೆ ಎಲ್ಲಿ ಹಾಕುವುದು? ಅದನ್ನು ಬಿಟ್ಟುಕೊಡಲು ಅಣ್ಣ ತಯಾರಿರಲಿಲ್ಲ. ಅವನು ತಯಾರಿಲ್ಲ ಎಂಬ ಒಂದೇ ಕಾರಣಕ್ಕೆ ನಾನೂ ತಯಾರಿರಲಿಲ್ಲ. ಪಂಚರಾಗಿ ಬಂದ ಹಿರಿಯರು ಊಟ ಮುಗಿಸಿ, ಎಲೆಯಡಿಕೆಯ ಕವಳ ಹಾಕಿ, ಒಂದು ವಾರ ಅವನಿಗೆ, ಒಂದು ವಾರ ಇವನಿಗೆ ಎಂದು ತೀರ್ಮಾನ ಕೊಟ್ಟರು. ಪೆಟ್ರೋಲಿನ ಮಾತು ಬಂದಾಗ ಅವರಲ್ಲೇ ಹಳಬರೊಬ್ಬರು ಕವಳ ಉಗುಳಿ ಬಂದು ಹೇಳಿದರು:

"ಖಾಲಿ ಪಾತ್ರೆ ವಾಪಸ್ ಕೊಡ್ಲಾಗ ಹೇಳಿ ನಿಂಗ್ಳ ಆಯಿ ಕಲಿಸಿದ್ದಿಲ್ಯ? ಗಾಡಿನೂ ಹಾಂಗೇಯ. ತಗಂಡವ ತಂದು ಬಿಡಕಾದ್ರೆ ಮುಳ್ಳು ಅರ್ಧಕ್ಕೆ ನಿಂತಿರವು."

ಆಯಿ, ನಮ್ಮ ಅಮ್ಮ, ಕಲಿಸಿದ್ದು ನಿಜ. ಪಕ್ಕದ ಮನೆಯಿಂದ ಪಾಯಸ ಬಂದ ಪಾತ್ರೆ ನಮ್ಮ ಮನೆಯಿಂದ ಬರಿದಾಗಿ ಹೋದದ್ದನ್ನು ನಾನು ಕಂಡಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವಾದರೂ ಅದರ ತಳದಲ್ಲಿ ಇರುತ್ತಿತ್ತು. ಬರಿಯ ಪಾತ್ರೆ ತಿರುಗಿಸಿ ಕೊಟ್ಟರೆ, ಇನ್ನು ನಿಮ್ಮ ನಮ್ಮ ಬಳಕೆ ಸಾಕು ಎಂದು ಹೇಳಿದ ಹಾಗೆ. ಹಾಗಾಗಿ ಡ್ಯಾಶ್‌ಬೋರ್ಡಿನ ಮೇಲಿನ ಆ ಪುಟ್ಟ ಮುಳ್ಳು ಅರ್ಧಕ್ಕೆ ನಿಲ್ಲಬೇಕೆಂಬುದು ನಮ್ಮಿಬ್ಬರ ನಡುವೆ ಉಳಿದ ಏಕೈಕ ಕಾನೂನಾಯಿತು.

ನಾನಾಗ ಯಲ್ಲಾಪುರದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಎರಡು ಕೋಣೆಯ ಬಾಡಿಗೆ ಮನೆ. ಮದುವೆ ಕೂಡಿಬರಲಿಲ್ಲ, ಜಾತಕ ಹತ್ತಾರು ಮನೆ ತಿರುಗಿ ಮೂಲೆ ಮಡಚಿಕೊಂಡು ಬಂದ ಮೇಲೆ ಅದನ್ನು ನಾನೇ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಅಣ್ಣನಿದ್ದದ್ದು ಸಿದ್ದಾಪುರದ ಕಡೆ ಹೇರೂರಿನಲ್ಲಿ. ಇಬ್ಬರಿಗೂ ನಡುವೆ ಬೀಳುವ ಊರು ಸಿರಸಿ, ಅಲ್ಲಿ ಅಪ್ಪನ ತಂಗಿಯ, ಅಂದರೆ ನಮ್ಮ ಸೋದರತ್ತೆಯ ಮನೆ. ಕಾರು ಅವಳ ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ, ಕೀಲಿಕೈ ಅವಳ ಹಿಂಬಾಗಿಲ ಮೊಳೆಯಲ್ಲಿ. ಅಣ್ಣ ತನ್ನ ವಾರ ಮುಗಿಸಿ ಶುಕ್ರವಾರ ತಂದು ಬಿಡುತ್ತಿದ್ದ, ನಾನು ಶನಿವಾರ ಸಂಜೆ ಬಸ್ಸಿಳಿದು ತೆಗೆದುಕೊಂಡು ಹೋಗುತ್ತಿದ್ದೆ. ನಾನು ಬಿಡುವಾಗಲೂ ಹಾಗೆಯೇ. ಎದುರುಬದುರು ಆಗದ ಹಾಗೆ ನಡುವೆ ಒಂದು ರಾತ್ರಿಯನ್ನು ಇಬ್ಬರೂ ಹೇಳದೆಯೇ ಇಟ್ಟುಕೊಂಡಿದ್ದೆವು.

ಕಾರಿನಿಂದ ನನಗೇನು ಉಪಯೋಗವಿತ್ತು ಎಂದರೆ, ಇರಲಿಲ್ಲ. ಶಾಲೆ ಮನೆಯಿಂದ ಕೂಗಳತೆಯಲ್ಲಿತ್ತು. ರವಿವಾರ ಅದನ್ನು ತೊಳೆಯುತ್ತಿದ್ದೆ, ಫ್ಲಾಸ್ಕಿನಲ್ಲಿ ಚಹಾ ತುಂಬಿಸಿ ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ಮಾಗೋಡಿನ ದಾರಿಯಲ್ಲಿ ಒಂದಷ್ಟು ದೂರ ಹೋಗಿ, ಮರದ ಕೆಳಗೆ ನಿಲ್ಲಿಸಿ, ಚಹಾ ಕುಡಿದು ಬರುತ್ತಿದ್ದೆ. ತಿರುವಿನಲ್ಲಿ ಫ್ಲಾಸ್ಕು ಉರುಳದಂತೆ ಎಡಗೈಯಲ್ಲಿ ಹಿಡಿದುಕೊಳ್ಳುವುದು ರೂಢಿಯಾಗಿತ್ತು. ಹಾಗೆ ಹಿಡಿದುಕೊಳ್ಳಲು ಫ್ಲಾಸ್ಕಿನ ಬದಲು ಒಬ್ಬ ಮನುಷ್ಯ ಇರಬಾರದಿತ್ತೇ ಎಂದು ಎಷ್ಟೋ ಸಲ ಅನ್ನಿಸಿದೆ. ಒಂಟಿತನ ಅಭ್ಯಾಸವಾಗುತ್ತದೆ ಎಂದು ಹೇಳುವವರು ಅಭ್ಯಾಸ ಮಾಡಿ ನೋಡಿದವರಲ್ಲ.

ಅಣ್ಣ ಎತ್ತರದ ಆಳು, ನಾನು ಗಿಡ್ಡ. ಪ್ರತಿ ಸಲ ಕಾರು ಹತ್ತಿದರೆ ಸೀಟು ಹಿಂದಕ್ಕೆ ಹೋಗಿರುತ್ತಿತ್ತು, ಕಾಲು ಕ್ಲಚ್ಚಿಗೆ ಮುಟ್ಟುತ್ತಿರಲಿಲ್ಲ. ಸೀಟಿನಡಿಯ ಸರಳು ತುಕ್ಕು ಹಿಡಿದದ್ದು. ಎತ್ತಿ, ಜಗ್ಗಿ, ಕೈಗೆ ಗ್ರೀಸು ಮೆತ್ತಿಕೊಂಡು ಮುಂದಕ್ಕೆ ಎಳೆಯುವಷ್ಟರಲ್ಲಿ ಅವನಿಗೆ ಸಾಕಷ್ಟು ಮಂತ್ರಾಕ್ಷತೆಯಾಗುತ್ತಿತ್ತು. ಡ್ಯಾಶ್‌ಬೋರ್ಡಿನ ಅಂಚಿಗೆ ಅವನು ಕವಳದ ಸುಣ್ಣದ ಬೆರಳು ಒರೆಸಿರುತ್ತಿದ್ದ. ಅದನ್ನು ಒದ್ದೆ ಬಟ್ಟೆಯಿಂದ ತೆಗೆಯುವಾಗ ಇನ್ನೊಂದು ಸುತ್ತು. ಇಷ್ಟೆಲ್ಲ ಬೈದ ಮೇಲೆ ಕೀಲಿಕೈ ತಿರುಗಿಸಿ ಮುಳ್ಳು ನೋಡುತ್ತಿದ್ದೆ. ಅದು ಅರ್ಧದ ಗೆರೆಯ ಮೇಲೆ ನಿಂತಿರುತ್ತಿತ್ತು, ನಾನು ಗೇರು ಹಾಕುತ್ತಿದ್ದೆ.

ಕೆಲವು ವರ್ಷ ಹೀಗೆ ನಡೆಯಿತು. ತೊಂಬತ್ತರ ದಶಕದ ನಡುವೆ ಇರಬೇಕು, ಮುಳ್ಳು ಅರ್ಧದಿಂದ ಕೆಳಗೆ ಇಳಿದಿರುವುದು ನನ್ನ ಕಣ್ಣಿಗೆ ಬಿತ್ತು. ಮೊದಲು ಕೂದಲೆಳೆಯಷ್ಟು, ಮಳೆಗಾಲ ಕಳೆಯುವಷ್ಟರಲ್ಲಿ ಬೆರಳಗಲ. ಅಣ್ಣ ಕೈ ಬಿಗಿ ಮಾಡುತ್ತಿದ್ದಾನೆ ಎಂದುಕೊಂಡೆ. ಕೇಳುವುದು ಹೇಗೆ? ಮಾತಿಲ್ಲ. ಅತ್ತೆಯ ಮೂಲಕ ಹೇಳಿಸಿದರೆ, ಎರಡು ಚೊಂಬು ಪೆಟ್ರೋಲಿಗೆ ಚಾಡಿ ಹೇಳಿದ ಎಂಬ ಹೆಸರು ಬರುತ್ತದೆ. ಅದಕ್ಕಿಂತ ಅವನಿಗೆ ನಾಚಿಕೆಯಾಗಲಿ ಎಂದು ನಾನು ಬಿಡುವಾಗ ಮುಳ್ಳನ್ನು ಸರಿಯಾಗಿ ಅರ್ಧದ ಗೆರೆಗೆ, ಒಂದು ನೂಲು ಮೇಲಕ್ಕೇ ತಂದು ನಿಲ್ಲಿಸಿ ಬರುತ್ತಿದ್ದೆ. ಮುಂದಿನ ಸರದಿಗೆ ನೋಡಿದರೆ ಮತ್ತೆ ಕೆಳಗೆ. ಕಾರು ಮೊದಲಿಗಿಂತ ಹೆಚ್ಚು ಕುಡಿಯುತ್ತಿದೆ ಎಂದೂ ಅನ್ನಿಸುತ್ತಿತ್ತು. ವಯಸ್ಸಾದ ಗಾಡಿ, ಕುಡಿಯಲಿ ಎಂದು ಸುಮ್ಮನಿದ್ದೆ. ನಾಚಿಕೆ ಮಾತ್ರ ಅವನಿಗೆ ಆಗುವ ಲಕ್ಷಣ ಕಾಣಲಿಲ್ಲ.

ಒಂದು ಶನಿವಾರ ಸಂಜೆ ಅತ್ತೆಯ ಶೆಡ್ಡಿಗೆ ಹೋಗಿ, ಸೀಟು ಎಳೆದು, ಸುಣ್ಣ ಒರೆಸಿ, ಕೀಲಿಕೈ ತಿರುಗಿಸಿದೆ. ಮುಳ್ಳು ಏಳಲೇ ಇಲ್ಲ. ಸೊನ್ನೆಯ ಮೇಲೆ ತಲೆಯಿಟ್ಟು ಮಲಗಿತ್ತು.

ಖಾಲಿ ಪಾತ್ರೆ! ಅವನು ಕಡಿಮೆ ಇಟ್ಟಾಗ ನನಗೆ ಸಿಟ್ಟು ಬರುತ್ತಿತ್ತು; ಖಾಲಿ ಇಟ್ಟಾಗ ಸಿಟ್ಟಿಗಿಂತ ಮೊದಲು ದುಃಖ ಬಂತು. ಇಷ್ಟು ವರ್ಷ ಬೈದುಕೊಂಡಾದರೂ ಒಬ್ಬ ಅಣ್ಣ ಇದ್ದಾನೆ ಎಂದುಕೊಂಡಿದ್ದೆ. ಅವನು ಬಳಕೆ ಮುಗಿಸಿದ. ದುಃಖವನ್ನು ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದೆ ಅದನ್ನು ಸಿಟ್ಟಿಗೆ ತಿರುಗಿಸಿಕೊಂಡು ಅತ್ತೆಯ ಅಡಿಗೆ ಕೋಣೆಗೆ ಹೋದೆ.

"ಅತ್ತೆ, ಹೇರೂರಿಗೆ ಫೋನು ಮಾಡು. ಕಾರು ಮಾರಿ ಬಿಡಲಿ. ಎಂಗೆ ಅವನ ಯಾವ ಹಂಗೂ ಬ್ಯಾಡ."

ಅತ್ತೆ ದೋಸೆ ಎರೆಯುತ್ತಿದ್ದಳು. ತಿರುಗಿ ನೋಡಲಿಲ್ಲ.

"ಈಗ ಅಂವ ಉಣ್ತಾ ಇರ್ತ. ನಾಳೆ ಹೇಳ್ತೆ. ನೀ ಕೈಕಾಲು ತೊಳಕಂಡು ಬಾ."

"ನಾಳೆ ಖಂಡಿತ ಹೇಳವು."

"ಹೇಳ್ತೆ ಅಂದ್ನಲ ತಮಾ. ದೋಸೆ ತಣೀತು."

ಮಾರಿದರೆ ಏನಾಗುತ್ತದೆ ಎಂದು ಅತ್ತೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅಣ್ಣ-ತಮ್ಮ ಎಂದು ನಮ್ಮನ್ನು ಕಟ್ಟಿಹಾಕಿದ್ದ ಹಗ್ಗದಲ್ಲಿ ಉಳಿದದ್ದು ಅದೊಂದೇ ಎಳೆ. ಅದು ಹರಿದರೆ ಇಬ್ಬರಲ್ಲಿ ಯಾರು ಮೊದಲು ಸಾಯುತ್ತಾರೋ ಅವರ ಹನ್ನೆರಡನೆಯ ದಿನಕ್ಕೆ ಇನ್ನೊಬ್ಬರಿಗೆ ಕರೆ ಬಂದರೆ ಬಂತು. ದೋಸೆ ತಿಂದೆ, ಮಲಗಿದೆ, ನಿದ್ರೆ ಬರಲಿಲ್ಲ.

ಬೆಳಿಗ್ಗೆ ಯಲ್ಲಾಪುರಕ್ಕೆ ಹೋಗಲು ಪೆಟ್ರೋಲು ಬೇಕಲ್ಲ. ಡಬ್ಬಿ ಹಿಡಿದು ಪಂಪಿನವರೆಗೆ ನಡೆದು ಹೋಗಿ ತಂದೆ. ಟಾಕಿಯ ಬಾಯಿಗೆ ಆಲಿಕೆ ಇಟ್ಟು ಡಬ್ಬಿ ಬಗ್ಗಿಸಿದ್ದೇ ತಡ, ಒಳಗಿನಿಂದ ಗುಳುಗುಳು ಎಂದು ಸದ್ದು ಬಂದು ಪೆಟ್ರೋಲು ಉಕ್ಕಿ ನನ್ನ ಪಂಚೆಯ ಮೇಲೆ ಚೆಲ್ಲಿತು. ಆಲಿಕೆ ಕಟ್ಟಿಕೊಂಡಿರಬೇಕೆಂದು ತೆಗೆದು ಊದಿ ಮತ್ತೆ ಹಾಕಿದೆ. ಮತ್ತೆ ಉಕ್ಕಿತು. ಟಾಕಿ ಕಂಠಮಟ್ಟ ತುಂಬಿತ್ತು, ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

ಪೆಟ್ರೋಲು ಬಳಿದ ಪಂಚೆಯಲ್ಲೇ ಗ್ಯಾರೇಜಿಗೆ ಹೋದೆ. ಗ್ಯಾರೇಜಿನವನು ಬನವಾಸಿ ಕಡೆಯವನು, ಮನೆ ಗ್ಯಾರೇಜು ಒಂದೇ ಕಡೆ. ವಿಷಯ ಕೇಳಿ, ತಲೆಯಾಡಿಸಿ, ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡ.

"ಟಾಕಿ ಒಳಗ ಮುಳ್ಳು ಆಡಸೋ ಯೂನಿಟ್ ಹೋಗೇತ್ರಿ. ಆದ್ರ ನಿಮ್ಮ ಗಾಡೀಗೆ ನಾ ಕೈ ಹಚ್ಚಂಗಿಲ್ರೀ ಮಾಸ್ತರ. ಹೋದ ಸಲ ವೈಪರ್ ಹಾಕಿದ್ದಕ್ಕ, ಯಾರನ್ನ ಕೇಳಿ ಹಾಕ್ದಿ ಅಂತ ನಿಮ್ಮಣ್ಣಾರು ಬಂದು ಒಂದ್ ತಾಸು ನಿಂತಿದ್ರು. ಇಬ್ರೂ ಕೂಡೇ ಬರ್ರಿ, ಚಹಾ ಕುಡಿಸಿ ಮಾಡಿಕೊಡ್ತೀನಿ."

"ಇಬ್ಬರೂ ಕೂಡಿ ಬರುವುದಾದರೆ ನಿನ್ನ ಹತ್ತಿರ ಯಾಕೆ ಬರಬೇಕಿತ್ತು?" ಎಂದೆ.

ಅವನು ನಕ್ಕು, ಒಂದು ಸ್ಕ್ರೂ ಡ್ರೈವರು, ಒಂದು ಪಾನಾ ಕೊಟ್ಟು, "ಡಿಕ್ಕಿ ಒಳಗ ಚಾಪಿ ತಗದ್ರ ದುಂಡನೆ ಮುಚ್ಚಳ ಕಾಣ್ತೇತಿ. ಬ್ಯಾಟರಿ ವೈರ್ ಮೊದಲ ಬಿಚ್ಚರಿ. ಬೆಂಕಿ ಮಗ್ಗಲಕ ಒಯ್ಯಬ್ಯಾಡ್ರಿ," ಎಂದ.

ಅತ್ತೆಯ ಬಚ್ಚಲ ಒಲೆ ಶೆಡ್ಡಿನ ಗೋಡೆಗೇ ಇತ್ತು. ಬ್ರೇಕು ಬಿಟ್ಟು, ಭುಜ ಕೊಟ್ಟು ಕಾರನ್ನು ಹಿತ್ತಿಲಿನ ಇನ್ನೊಂದು ಕೊನೆಗೆ, ಬಟ್ಟೆ ಒಣಗಿಸುವ ಕಡೆಗೆ ತಳ್ಳಿದೆ. ಬ್ಯಾಟರಿ ವೈರು ಬಿಚ್ಚಿದೆ. ಡಿಕ್ಕಿಯ ಚಾಪೆ ಎತ್ತಿದರೆ ಅಂಗೈಯಗಲದ ಮುಚ್ಚಳ, ಸುತ್ತ ಸ್ಕ್ರೂಗಳು, ನಡುವೆ ಒಂದು ವೈರು. ಸ್ಕ್ರೂಗಳ ತಲೆಯ ಮೇಲೆ ವರ್ಷಗಳ ಮಣ್ಣು. ಮೊಳೆಯಿಂದ ಕೆರೆದು, ಒತ್ತಿ ತಿರುಗಿಸಿದೆ. ಒಂದು ಹಟಮಾರಿ ಬರಲೇ ಇಲ್ಲ. ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ಕಾಯುತ್ತ ಕುಳಿತೆ. ಅತ್ತೆ ಬಂದು ನೋಡಿ, ಮೂಗಿಗೆ ಸೆರಗು ಹಿಡಿದು, ಒಲೆಯ ಬೆಂಕಿ ತಾನೇ ಆರಿಸಿ ಒಳಗೆ ಹೋದಳು. ಫೋನಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಚ್ಚಳ ಎದ್ದಿತು, ಆದರೆ ಹೊರಗೆ ಬರಲಿಲ್ಲ. ಅದರ ಕೆಳಗೆ ಸಣ್ಣ ಕಂಬಿಯ ತೋಳು, ತೋಳಿನ ತುದಿಗೆ ಏನೋ ಸಿಕ್ಕಿಕೊಂಡಿತ್ತು. ಬಾಯಿ ಚಿಕ್ಕ ಡಬ್ಬಿಯಿಂದ ಉಂಡೆ ತೆಗೆಯುವಂತೆ ಓರೆ ಮಾಡಿ, ಹೊರಳಿಸಿ, ಮೆಲ್ಲಗೆ ಎಳೆದೆ. ಬಂತು. ಮೆಕ್ಯಾನಿಕ್ಕುಗಳು ಫ್ಲೋಟ್ ಎನ್ನುತ್ತಾರೆ. ನಾನು ಕನ್ನಡ ಮಾಸ್ತರ, ತೇಲುಬುರುಡೆ ಎಂದು ಹೆಸರಿಟ್ಟೆ. ನಿಂಬೆಹಣ್ಣಿಗಿಂತ ತುಸು ದೊಡ್ಡದು, ಹಿತ್ತಾಳೆಯದು, ಒಳಗೆ ಟೊಳ್ಳು. ಪೆಟ್ರೋಲಿನ ಮೇಲೆ ತೇಲುವುದು ಅದರ ಕೆಲಸ. ಅದು ಏರಿದಷ್ಟು ತೋಳು ಏರುತ್ತದೆ, ತೋಳು ಏರಿದಷ್ಟು ಮುಂದೆ ಮುಳ್ಳು ಏರುತ್ತದೆ. ನಾನು ಬಗ್ಗಿ ನೋಡಿದೆ. ಟಾಕಿಯ ಬಾಯಿಯ ಹತ್ತಿರದವರೆಗೂ ಪೆಟ್ರೋಲು, ಅದರಲ್ಲಿ ಆಕಾಶದ ಒಂದು ತುಂಡು ಕಾಣುತ್ತಿತ್ತು.

ಬುರುಡೆಯನ್ನು ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿ ಆಡಿಸಿ ನೋಡುವಂತೆ ಆಡಿಸಿದೆ. ಕುಳುಕುಳು ಎಂದಿತು.

ಟೊಳ್ಳಾಗಿರಬೇಕಾದದ್ದರೊಳಗೆ ಪೆಟ್ರೋಲು ಸೇರಿತ್ತು. ಅತ್ತೆಯಿಂದ ಒಂದು ತಪ್ಪಲೆ ಕುದಿ ನೀರು ದೂರದಿಂದಲೇ ಇಸಿದುಕೊಂಡು ಅದರಲ್ಲಿ ಮುಳುಗಿಸಿ ಹಿಡಿದೆ. ಬೆಸುಗೆಯ ಅಂಚಿನಿಂದ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆ ಹೊರಟಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅಷ್ಟು ಸಣ್ಣ ತೂತು. ಒಂದು ದಿನಕ್ಕೆ ಒಂದು ಹನಿ ಕುಡಿಯಲೂ ಕಷ್ಟಪಡಬೇಕು. ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ತಿಂಗಳುಗಟ್ಟಲೆ, ಬಹುಶಃ ವರ್ಷದಿಂದಲೇ, ಹನಿಹನಿ ಕುಡಿಯುತ್ತ, ಭಾರವಾಗುತ್ತ, ಇಳಿಯುತ್ತ ಬಂದದ್ದು.

ಆಗ ತಲೆಯೊಳಗೆ ಎಲ್ಲ ಒಂದೊಂದಾಗಿ ಜಾಗಕ್ಕೆ ಬಂದು ಕುಳಿತುಕೊಂಡಿತು. ಅಣ್ಣ ಅರ್ಧಕ್ಕೇ ಇಟ್ಟು ಹೋಗುತ್ತಿದ್ದ. ಬುರುಡೆ ಭಾರವಾಗಿ ಮುಳ್ಳು ನನಗೆ ಕಡಿಮೆ ತೋರಿಸುತ್ತಿತ್ತು. ನಾನು ಸಿಟ್ಟಿನಿಂದ ಹೆಚ್ಚು ಸುರಿದು ಮುಳ್ಳನ್ನು ಅರ್ಧಕ್ಕೆ ಏರಿಸಿ ಹೋಗುತ್ತಿದ್ದೆ. ಅವನು ಬಂದು ನೋಡುವಾಗ ಅದು ಮತ್ತೆ ಇಳಿದಿರುತ್ತಿತ್ತು. ಅವನೂ ನನ್ನನ್ನು ಬೈದಿರಬೇಕು. ಬೈದು, ಮರ್ಯಾದೆ ಬಿಡಬಾರದೆಂದು, ಅವನೂ ಹೆಚ್ಚು ಸುರಿದಿರಬೇಕು. ಕೊನೆಗೆ ಅವನು ಬಿಟ್ಟು ಹೋದ ರಾತ್ರಿ ಬುರುಡೆ ಭಾರ ತಾಳದೆ ತಳಕ್ಕೇ ಇಳಿದಿರಬೇಕು. ಮಾತಾಡುವ ಅಣ್ಣ-ತಮ್ಮಂದಿರಾಗಿದ್ದರೆ ಎರಡನೆಯ ವಾರಕ್ಕೇ "ಎಂತದು ಇದು?" ಎಂದು ಕೇಳಿ ಮುಗಿದುಹೋಗುತ್ತಿತ್ತು. ಒಬ್ಬರನ್ನೊಬ್ಬರು ಕಳ್ಳ ಎಂದುಕೊಂಡೇ ನಾವಿಬ್ಬರೂ ಆ ಟಾಕಿಯನ್ನು ಕಂಠಮಟ್ಟ ತುಂಬಿಸಿದ್ದೆವು.

ತೊಳೆಯುವ ಕಲ್ಲಿನ ಮೇಲೆ ಕುಳಿತು ನಾನು ನಗಲು ಶುರು ಮಾಡಿದೆ. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಅತ್ತೆ ಪೆಟ್ರೋಲಿನ ವಾಸನೆ ತಲೆಗೆ ಹತ್ತಿತೆಂದು ಹೆದರಿ ಮಜ್ಜಿಗೆ ತಂದಳು. ಎಲ್ಲವನ್ನೂ ಹೇಳಿದೆ. ಅವಳು ಬುರುಡೆಯನ್ನು ತಾನೂ ಕಿವಿಯ ಹತ್ತಿರ ಆಡಿಸಿ ನೋಡಿದಳು.

"ಹಾಂಗಾರೆ ಯಾರೂ ಕದ್ದಿದ್ದಿಲ್ಲೆ. ಇಬ್ರೂ ಹಾಕಿದ್ದೇಯ."

"ಹೌದು."

"ಈಗ ಫೋನು ಮಾಡ್ಲ?"

ನಾನು ಮಜ್ಜಿಗೆ ಕುಡಿದೆ. ಫೋನು ಮಾಡಿಸಬೇಕೆಂದು ಮನಸ್ಸಿತ್ತು, ಬಾಯಿ ಬರಲಿಲ್ಲ. ಇಷ್ಟು ವರ್ಷದ ಮೇಲೆ ಮೊದಲ ಮಾತು ಒಂದು ಹಿತ್ತಾಳೆ ಬುರುಡೆಯ ವಿಷಯವೇ? ಅದನ್ನೂ ನಾನೇ ಮೊದಲು ಆಡಬೇಕೇ? "ಬ್ಯಾಡ, ಇರಲಿ," ಎಂದೆ. ಅತ್ತೆ ಲೋಟ ತೆಗೆದುಕೊಂಡು, "ನಿಂಗ ಇಬ್ರೂ ನಿಂಗ್ಳ ಅಪ್ಪನ ಹಾಂಗೇಯ," ಎಂದು ಹೋದಳು. ಅದು ಹೊಗಳಿಕೆಯಲ್ಲ.

ಬುರುಡೆಯ ತೂತನ್ನು ಸೂಜಿಯಿಂದ ದೊಡ್ಡದು ಮಾಡಿ, ಬಿಸಿ ನೀರಿನಲ್ಲಿ ಅದ್ದಿ ಅದ್ದಿ ಒಳಗಿನ ಪೆಟ್ರೋಲನ್ನೆಲ್ಲ ಹೊರಗೆ ಹಾಕಿಸಿ, ವಾಸನೆಯೂ ಹೋಗುವವರೆಗೆ ಬಿಸಿಲಿಗಿಟ್ಟೆ. ರೇಡಿಯೋ ರಿಪೇರಿಯವನ ಹತ್ತಿರ ಬೆಸುಗೆ ಹಾಕಿಸಿಕೊಂಡು ಬಂದೆ. ಚೊಂಬಿನ ನೀರಿನಲ್ಲಿ ಬಿಟ್ಟರೆ ಬಾತುಕೋಳಿಯ ಮರಿಯ ಹಾಗೆ ಮೇಲೆದ್ದು ಕುಳಿತಿತು. ಮುಚ್ಚಳ ಕೂರಿಸಿ, ಪೆಟ್ರೋಲು ಸೋರದಂತೆ ಸುತ್ತ ಅತ್ತೆಯ ಬಟ್ಟೆ ಸೋಪನ್ನು ಒದ್ದೆ ಮಾಡಿ ಮೆತ್ತಿ, ಸ್ಕ್ರೂ ಬಿಗಿದೆ. ವೈರು ಸಿಕ್ಕಿಸಿ ಕೀಲಿಕೈ ತಿರುಗಿಸಿದರೆ ಮುಳ್ಳು ನಿಧಾನವಾಗಿ ಎದ್ದು, ಅರ್ಧ ದಾಟಿ, ಮುಕ್ಕಾಲು ದಾಟಿ, ಪೂರ್ತಿಯ ಗೆರೆಗೆ ಹೋಗಿ ನಿಂತಿತು. ಆ ಜಾಗದಲ್ಲಿ ಅದನ್ನು ನಾನು ಅಪ್ಪ ತೀರಿಕೊಂಡ ಮೇಲೆ ಕಂಡಿರಲಿಲ್ಲ.

ಆ ಪೆಟ್ರೋಲಿನಲ್ಲಿ ನನ್ನದೆಷ್ಟು, ಅವನದೆಷ್ಟು? ಅದನ್ನು ಹಿಸ್ಸೆ ಮಾಡಲು ಯಾವ ಪಂಚರಿಂದಲೂ ಆಗುತ್ತಿರಲಿಲ್ಲ. ಮುಂದಿನ ಶುಕ್ರವಾರ ಕಾರು ಬಿಡಲು ಬರುವಾಗ ಸಿರಸಿಯ ಪಂಪಿನಲ್ಲಿ ಪೂರ್ತಿ ತುಂಬಿಸಿದೆ. ಮುಳ್ಳು ಪೂರ್ತಿಯ ಮೇಲಿರುವ ಹಾಗೆ ಶೆಡ್ಡಿನಲ್ಲಿ ನಿಲ್ಲಿಸಿ, ಕೀಲಿಕೈ ಮೊಳೆಗೆ ಹಾಕಿ, ಬಸ್ಸು ಹತ್ತಿದೆ. ಒಂದು ವಾರ ತರಗತಿಯಲ್ಲಿ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಶನಿವಾರ ಬಂದು, ಸೀಟು ಎಳೆಯುವುದಕ್ಕೂ ಮೊದಲೇ ಕೀಲಿಕೈ ತಿರುಗಿಸಿದೆ. ಮುಳ್ಳು ಪೂರ್ತಿಗೆ ಹೋಗಿ ನಿಂತಿತು. ಚಕ್ರಕ್ಕೆ ಹೇರೂರಿನ ಕೆಂಪು ಮಣ್ಣು ಹತ್ತಿತ್ತು. ಅವನು ಓಡಿಸಿದ್ದ, ಓಡಿಸಿದ ಮೇಲೆ ತುಂಬಿಸಿ ಬಿಟ್ಟಿದ್ದ. ಸೀಟು ಹಿಂದೆಯೇ ಇತ್ತು, ಸುಣ್ಣವೂ ಇತ್ತು. ಆ ದಿನ ಸುಣ್ಣ ಒರೆಸಲಿಲ್ಲ.

ಅಂದಿನಿಂದ ಅರ್ಧದ ಕಾನೂನು ಹೋಗಿ ಪೂರ್ತಿಯ ಕಾನೂನು ಬಂತು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಮಾತು ಆಗಲೂ ಶುರುವಾಗಲಿಲ್ಲ. ಆದರೆ ಯಲ್ಲಾಪುರದ ಎರಡು ಕೋಣೆಯಲ್ಲಿ ನನಗೆ ನಾನೇ ಅನ್ನ ಬಡಿಸಿಕೊಂಡು ಕುಳಿತಾಗ, ಭೂಮಿಯ ಮೇಲೆ ನನಗೋಸ್ಕರ ಏನನ್ನೋ ತುಂಬಿಸಿಡುವ ಒಬ್ಬ ಮನುಷ್ಯ ಇದ್ದಾನೆ ಎಂದು ನೆನೆಸಿಕೊಳ್ಳುತ್ತಿದ್ದೆ. ಅಷ್ಟು ಸಾಕಾಗುತ್ತಿರಲಿಲ್ಲ, ಆದರೆ ಅಷ್ಟಾದರೂ ಇತ್ತು.

ಹೊಸ ಶತಮಾನ ಬಂದು ಒಂದೆರಡು ವರ್ಷವಾಗಿತ್ತು. ಒಂದು ಶನಿವಾರ ಶೆಡ್ಡಿಗೆ ಹೋಗಿ ಕಾರು ಹತ್ತಿ ಕುಳಿತೆ. ಕಾಲು ನೇರವಾಗಿ ಕ್ಲಚ್ಚಿಗೆ ಹೋಯಿತು.

ಸೀಟು ನನ್ನ ಜಾಗದಲ್ಲೇ ಇತ್ತು. ಮುಳ್ಳು ಪೂರ್ತಿ ತೋರಿಸುತ್ತಿತ್ತು, ನಾನೇ ಎಂಟು ದಿನದ ಹಿಂದೆ ತುಂಬಿಸಿದ ಪೂರ್ತಿ. ಬೈಯಲು ಬಾಯಿ ತೆರೆದವನು ಹಾಗೇ ಕುಳಿತೆ. ಅತ್ತೆ ಹಿಂಬಾಗಿಲಲ್ಲಿ ನಿಂತು, "ನಿನ್ನಣ್ಣ ಈ ಸಲ ಗಾಡಿ ಒಯ್ಯುಲೆ ಬಂದ್ನೇ ಇಲ್ಲೆ. ಫೋನೂ ಹತ್ತತ್ತಿಲ್ಲೆ," ಎಂದಳು. ನಾನು ಯಲ್ಲಾಪುರದ ದಾರಿ ಬಿಟ್ಟು ಹೇರೂರಿನ ದಾರಿ ಹಿಡಿದೆ.

ಅಣ್ಣ ಜಗಲಿಯಲ್ಲಿ ಮಂಚದ ಮೇಲೆ ಇದ್ದ. ಲಕ್ವ ಹೊಡೆದಿತ್ತು, ಬಲಗೈ ಚಾದರದ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಅತ್ತಿಗೆ ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು, ಕಣ್ಣು ತುಂಬಿಕೊಂಡಳು, ಆದರೆ ಬಾಯಿಂದ ಬಂದದ್ದು, "ಆಸರಿಗೆ ಎಂತ ಮಾಡ್ಲಿ?" ಎಂಬ ಮಾತು. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಕುಡಿಯಲು ಕೇಳಬೇಕು, ಆಕಾಶ ಬಿದ್ದರೂ. ನಾನು ಮಂಚದ ಪಕ್ಕ ಕುಳಿತೆ. ಅಣ್ಣ ನನ್ನ ಕಡೆ ಮುಖ ಹೊರಳಿಸಿದ. ಒಂದೇ ಬದಿಯ ಬಾಯಿಯಿಂದ, ಕಷ್ಟಪಟ್ಟು ಮಾತಾಡಿದ.

"ಎಣ್ಣೆ ಎಷ್ಟಿದ್ದು?"

"ತುಂಬಿದ್ದು ಅಣ್ಣ," ಎಂದೆ.

ಆಮೇಲೆ ಬುರುಡೆಯ ಕಥೆ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಅವನು ಕಣ್ಣು ಮುಚ್ಚಿ ಕೇಳಿದ.

"ಹಾಂಗಾರೆ ನೀ ಕದ್ದಿದ್ದಿಲ್ಲೆ."

"ಇಲ್ಲೆ. ನೀನೂ ಕದ್ದಿದ್ದಿಲ್ಲೆ."

"ಆನು ಎಂತಕ್ಕೆ ಕದೀಲಿ?" ಎಂದು ಆ ಸ್ಥಿತಿಯಲ್ಲೂ ಹುಬ್ಬು ಗಂಟಿಕ್ಕಿದ.

"ಮತ್ತೆ ಪೂರ್ತಿ ತುಂಬ್ಸಿ ಬಿಡ್ತಾ ಇದ್ದಿದ್ದು ಎಂತಕ್ಕೆ?" ಎಂದು ಕೇಳಿದೆ. ಏನು ಉತ್ತರ ಬೇಕೆಂದು ನನ್ನ ಮನಸ್ಸಿನಲ್ಲಿ ಸಿದ್ಧವಿತ್ತು.

"ನೀ ಸೊಕ್ಕಿಗೆ ತುಂಬ್ಸಿದ್ದೆ ಹೇಳಿ ಗ್ರಹಿಸಿದ್ದೆ. ಆನೂ ಸೊಕ್ಕಿಗೇ ತುಂಬ್ಸಿದೆ."

"ಆಮೇಲೆ?"

"ಆಮೇಲೆ ರೂಢಿ ಆತು." ಎಡಗೈಯಿಂದ ಚಾದರ ಎಳೆದುಕೊಂಡು, "ಮನೆಲಿ ಮಾತಾಡುಲೆ ಯಾರಿದ್ದ? ಗಾಡಿ ತರುಲೆ ಹೋಗದು ಹೇಳಿ ಒಂದು ಕೆಲಸ ಇತ್ತು ಮಾರಾಯ," ಎಂದ.

ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, "ಆನು ಇದ್ದಿದ್ದಿಲ್ಯ?" ಎಂದಳು. ಅಣ್ಣನ ಮುಖದ ಒಂದು ಬದಿ ನಕ್ಕಿತು.

ಅಲ್ಲಿಂದ ಮುಂದೆ ಪ್ರತಿ ವಾರ ಹೋದೆ. ಅವನನ್ನು ಎತ್ತಿ ಎಡಗಡೆಯ ಸೀಟಿನಲ್ಲಿ ಕೂರಿಸಿ ಸಿರಸಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬರುತ್ತಿದ್ದೆ. ತಿರುವಿನಲ್ಲಿ ವಾಲದಂತೆ ಎಡಗೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಮಾತು ಹೆಚ್ಚಿರಲಿಲ್ಲ, ಅಷ್ಟು ವರ್ಷ ಸುಮ್ಮನಿದ್ದವರಿಗೆ ಒಮ್ಮೆಲೇ ಎಲ್ಲಿಂದ ಬರಬೇಕು? ಅವನು ಬಗ್ಗಿ ಮುಳ್ಳು ನೋಡುತ್ತಿದ್ದ, ಸರಿಯಿದೆ ಎಂಬಂತೆ ತಲೆಯಾಡಿಸುತ್ತಿದ್ದ. ಮುಂದಿನ ಮಳೆಗಾಲಕ್ಕೆ ಮೊದಲೇ ತೀರಿಕೊಂಡ. ಹನ್ನೆರಡನೆಯ ದಿನಕ್ಕೆ ನನಗೆ ಕರೆ ಬರಬೇಕಾಗಿರಲಿಲ್ಲ, ನಾನು ಅಲ್ಲೇ ಇದ್ದೆ. ಅತ್ತಿಗೆ ಕಾರಿನ ತಮ್ಮ ಪಾಲನ್ನು ಬಿಟ್ಟುಕೊಟ್ಟು, "ಇನ್ನು ಪೂರಾ ನಿಂದೇಯ," ಎಂದಳು.

ಪೂರಾ ನನ್ನದಾದ ಕಾರನ್ನು ಯಲ್ಲಾಪುರದಲ್ಲೇ ಇಟ್ಟುಕೊಳ್ಳಬಹುದಿತ್ತು. ಆದರೂ ಒಂದು ವಾರ ಬಿಟ್ಟು ಒಂದು ವಾರ ಅತ್ತೆಯ ಶೆಡ್ಡಿಗೆ ತಂದು ಬಿಡುತ್ತೇನೆ, ಪಂಪಿನಲ್ಲಿ ಪೂರ್ತಿ ತುಂಬಿಸಿಯೇ ಬಿಡುತ್ತೇನೆ. ಇಳಿಯುವ ಮೊದಲು ಆ ತುಕ್ಕು ಹಿಡಿದ ಸರಳು ಎತ್ತಿ, ಕಾಲು ಕೊಟ್ಟು, ಸೀಟನ್ನು ಹಿಂದಕ್ಕೆ ತಳ್ಳುತ್ತೇನೆ, ಎತ್ತರದ ಆಳಿಗೆ ಸರಿಯಾಗುವಷ್ಟು. ಅತ್ತೆಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ, ಸದ್ದಿಗೆ, "ಎಂತ ಮಾಡ್ತಾ ಇದ್ದೆ ತಮಾ?" ಎಂದು ಕೇಳುತ್ತಾಳೆ. ಏನಿಲ್ಲ ಎನ್ನುತ್ತೇನೆ.

ಮುಂದಿನ ಸಲ ಬಂದು ಕುಳಿತಾಗ ಕಾಲು ಕ್ಲಚ್ಚಿಗೆ ಮುಟ್ಟುವುದಿಲ್ಲ. ಸರಳು ಎತ್ತಿ, ಜಗ್ಗಿ, ಕೈಗೆ ಗ್ರೀಸು ಮೆತ್ತಿಕೊಂಡು ಸೀಟನ್ನು ಮುಂದಕ್ಕೆ ಎಳೆಯುತ್ತ, ಅಣ್ಣನನ್ನು ಬಾಯಿ ತುಂಬ ಬೈಯುತ್ತೇನೆ.